ಉದ್ಯೋಗಾಂತರವೂ ಕಾಯಕಧರ್ಮವೂ

ಬಾಲಕನನ್ನು ಕಂಡವರೆಲ್ಲರೂ 'ಮುಂದೆ ಏನಾಗುವಿ?' ಎಂದು ಕೇಳುತ್ತಾರೆ. ಅವನು ಇಂದೊಂದು ಉತ್ತರವನ್ನೂ ನಾಳೆ ಮತ್ತೊಂದು ಉತ್ತರವನ್ನೂ ಕೊಟ್ಟರೆ ನಕ್ಕು ಸುಮ್ಮನಾಗುತ್ತಾರೆ. ಅದೇ ಪ್ರಶ್ನೆಯನ್ನು ನಾಲ್ವತ್ತು ವರ್ಷದ ಗೃಹಸ್ಥನೊಬ್ಬನು ತನಗೆ ತಾನೇ ಕೇಳಿಕೊಂಡನೆಂದರೆ ಮನೆಯವರಿಗೆ ದಿಗಿಲು ಹುಟ್ಟುತ್ತದೆ. ನೆರೆಯವರು ಅವನನ್ನು ಚಂಚಲನೆನ್ನುತ್ತಾರೆ. ಕೈಯಲ್ಲಿ ಒಂದು ಕೆಲಸವಿದೆ, ತಿಂಗಳಿಗೊಮ್ಮೆ ಸಂಬಳ ಬರುತ್ತದೆ, ಇಲ್ಲವೆ ಹೊಲದಲ್ಲಿ ವರುಷಕ್ಕೊಂದು ಬೆಳೆ ಕೈಗೆ ಹತ್ತುತ್ತದೆ. ಇಷ್ಟಿರುವಾಗ ಮತ್ತೇನು ಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹೌದು, ಆದರೆ ದೇಶ ಸುತ್ತು, ಕೋಶ ಓದು ಎಂದು ಹೇಳಿದವರೂ ಅದೇ ಹಿರಿಯರೇ. ಗಾದೆಗಳನ್ನು ನಂಬಿ ಈ ತೊಡಕನ್ನು ಬಿಡಿಸಲಾಗದು.

ದುಡಿಯುತ್ತಿರುವ ಪ್ರಾಯಸ್ಥನು ತನ್ನ ವೃತ್ತಿಯನ್ನು ಬಿಟ್ಟು ಬೇರೊಂದನ್ನು ಹಿಡಿಯುವುದು, ಅಥವಾ ಇರುವ ವೃತ್ತಿಯಲ್ಲಿಯೇ ಮೇಲೇರುವ ಸಲುವಾಗಿ ಹೊಸ ವಿದ್ಯೆಯನ್ನು ಕಲಿಯಲೆಳಸುವುದು ಧರ್ಮವೋ ಅಧರ್ಮವೋ ಎಂಬುದು ಹೊಟ್ಟೆಪಾಡಿನ ಪ್ರಶ್ನೆಯಂತೆ ಮೇಲ್ನೋಟಕ್ಕೆ ಕಾಣುತ್ತದೆ. ಪೇಟೆಯಲ್ಲಿ ಯಾವ ಕೆಲಸಕ್ಕೆ ಬೆಲೆಯಿದೆಯೆಂದು ವಿಚಾರಿಸಿಕೊಂಡರೆ ಮುಗಿಯಿತೆಂದು ತೋರುತ್ತದೆ. ಆದರೆ ಒಬ್ಬ ಗೃಹಸ್ಥನ ಉದ್ಯೋಗವು ಅವನೊಬ್ಬನದೇ ಸೊತ್ತಲ್ಲ. ಅದರ ನೆರಳಿನಲ್ಲಿ ತಾಯಿತಂದೆಗಳಿದ್ದಾರೆ, ಹೆಂಡತಿಮಕ್ಕಳಿದ್ದಾರೆ. ಅದರಿಂದ ಊರಿಗೆ ಒಂದು ಸೇವೆ ಸಲ್ಲುತ್ತಿದೆ. ಆದುದರಿಂದಲೇ ಇದು ನೀತಿಯ ಪ್ರಶ್ನೆಯಾಗುತ್ತದೆ.

ಬೀದರ ಜಿಲ್ಲೆಯ ಜನರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಮನ್ನಾಏಖೇಳ್ಳಿಯನ್ನೇ ತೆಗೆದುಕೊಳ್ಳಬಹುದು. ಪುಣೆಯಿಂದ ಹುಮನಾಬಾದಿನ ಮೇಲೆ ಹೈದರಾಬಾದಿಗೆ ಸಾಗುವ ಹೆದ್ದಾರಿಯು ಆ ಊರನ್ನು ಹಾಯ್ದು ಹೋಗುತ್ತದೆ. ಸುತ್ತಲೂ ತೊಗರಿ, ಉದ್ದು, ಸೋಯಾ, ಕಬ್ಬು ಬೆಳೆಯುವ ಹೊಲಗಳು. ನಡುವೆ ಹಗಲಿರುಳು ಉರುಳುವ ಲಾರಿಗಳ ಸಾಲು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಒಕ್ಕಲಿಗನಿಗೆ ಜಹೀರಾಬಾದಿನ ಕಾರ್ಖಾನೆಯಾಗಲಿ, ಹೈದರಾಬಾದಿನ ಕಟ್ಟಡದ ಕೆಲಸವಾಗಲಿ ದೂರದ ಕನಸೆನಿಸದು. ಬಸ್ಸು ಹತ್ತಿದರೆ ಕೆಲವು ಗಂಟೆಗಳ ಹಾದಿ. ಇಂತಹ ಊರಿನಲ್ಲಿ ಉದ್ಯೋಗಾಂತರವೆಂಬುದು ಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿರುತ್ತದೆ.

ಆದರೆ ಇದೇ ನೆಲದ ಮೇಲೆ ಕಲ್ಯಾಣವೂ ಇದೆ. ಕಲ್ಯಾಣದ ಹೆಸರು ಬಂದೊಡನೆ ಕಾಯಕವೆಂಬ ಮಾತು ಬರುತ್ತದೆ. ಕಾಯಕವೆಂದೊಡನೆ, ಹಿಡಿದ ಕೆಲಸವನ್ನು ಬಿಡದೆ ತೃಪ್ತಿಯಿಂದ ಮಾಡಿಕೊಂಡಿರು ಎಂಬ ಉಪದೇಶ ಬರುತ್ತದೆ. ಈ ಉಪದೇಶವು ಶರಣರದೇ ಹೌದೋ ಅಲ್ಲವೋ ಎಂಬುದನ್ನು ತುಸು ನಿಂತು ನೋಡಬೇಕಾಗಿದೆ.

ಕಲ್ಯಾಣಕ್ಕೆ ಕಾಶ್ಮೀರದಿಂದ ಬಂದ ಇಬ್ಬರ ವಿಷಯವನ್ನು ಕನ್ನಡಿಗರು ಬಲ್ಲರು. ಒಬ್ಬನು ಬಿಲ್ಹಣ. ವ್ಯಾಕರಣಪಂಡಿತನ ಮಗನಾದ ಈತನು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಓದು ಮುಗಿಸಿ, ಹುಟ್ಟಿದೂರನ್ನು ಬಿಟ್ಟು, ಮಥುರೆ, ಕನೋಜ, ಪ್ರಯಾಗ, ಕಾಶಿಗಳನ್ನು ಸುತ್ತಿ, ಹಲವು ಅರಸರ ಓಲಗಗಳಲ್ಲಿ ವಿದ್ಯೆಯನ್ನು ಮೆರೆದು, ಕಡೆಗೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ವಿದ್ಯಾಪತಿಯೆಂಬ ಪದವಿಯನ್ನು ಪಡೆದನು. ತನ್ನ 'ವಿಕ್ರಮಾಂಕದೇವಚರಿತ'ದ ಕೊನೆಯ ಸರ್ಗದಲ್ಲಿ ಆತನು ಈ ಅಲೆದಾಟವನ್ನೆಲ್ಲ ತಾನೇ ಹೇಳಿಕೊಂಡಿದ್ದಾನೆ. ಅದನ್ನು ಓದಿದವರಿಗೆ, ಉದ್ಯೋಗವನ್ನರಸಿ ಊರೂರು ತಿರುಗುವ ವಿದ್ಯಾವಂತನ ಪಾಡು ಈಚಿನದಲ್ಲವೆಂಬುದು ತಿಳಿಯುತ್ತದೆ. ಇನ್ನೊಬ್ಬನು, ಅವನಿಗಿಂತ ಸುಮಾರು ಒಂದು ಶತಮಾನ ಈಚೆಗೆ ಬಂದ ಮೋಳಿಗೆಯ ಮಾರಯ್ಯ. ಪರಂಪರೆಯು ಹೇಳುವಂತೆ ಈತನು ಕಾಶ್ಮೀರದ ಅರಸು; ರಾಜ್ಯವನ್ನು ತೊರೆದು ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಲ್ಲಿ ಕಟ್ಟಿಗೆ ಕಡಿದು, ಹೊರೆ ಹೊತ್ತು ಮಾರಿ ಬದುಕಿದನು. ಹೊರೆಗೆ ಮೋಳಿಗೆಯೆಂದು ಹೆಸರು. ಅದೇ ಅವನಿಗೂ ಹೆಸರಾಯಿತು.

ಒಬ್ಬನು ಕಲ್ಯಾಣದಲ್ಲಿ ಅರಮನೆಯ ಮೆಟ್ಟಿಲನ್ನು ಹತ್ತಿದನು. ಮತ್ತೊಬ್ಬನು ಅರಮನೆಯಿಂದಿಳಿದು ಕಲ್ಯಾಣದ ಬೀದಿಗೆ ಬಂದನು. ಲೋಕದ ಕಣ್ಣಿಗೆ ಮೊದಲನೆಯದು ಮುನ್ನಡೆ, ಎರಡನೆಯದು ಪತನ. ಭಕ್ತರ ಕಣ್ಣಿಗೆ ಎಲ್ಲವೂ ತಿರುಗುಮುರುಗು. ಆದರೆ ಇಬ್ಬರನ್ನೂ ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಇಬ್ಬರೂ ತಂದೆಯ ಮನೆಯಲ್ಲಿ ತಮಗೆ ದೊರೆತ ಸ್ಥಾನದಲ್ಲಿಯೇ ಉಳಿದವರಲ್ಲ. ಇಬ್ಬರೂ ತಿಳಿವಳಿಕೆ ಬಂದ ಮೇಲೆ ಮನಸ್ಸು ಮಾಡಿ ತಮ್ಮ ಬದುಕಿನ ದಾರಿಯನ್ನು ಬದಲಿಸಿದವರು. ಕಾಯಕವೆಂಬುದು ಇದ್ದಲ್ಲೇ ಇರುವುದೆಂದಾದರೆ ಮೋಳಿಗೆಯ ಮಾರಯ್ಯನನ್ನು ಶರಣರ ಪಂಕ್ತಿಯಿಂದ ಎಬ್ಬಿಸಬೇಕಾದೀತು.

ಮಾರಯ್ಯನೊಬ್ಬನೇ ಅಲ್ಲ. ಬಸವಣ್ಣನವರು ಬಾಗೇವಾಡಿಯ ಬ್ರಾಹ್ಮಣ ಮನೆತನವನ್ನು ತೊರೆದು, ಕೂಡಲಸಂಗಮದಲ್ಲಿ ಬೆಳೆದು, ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿ ಸೇರಿ ಭಂಡಾರದ ಹೊಣೆಗೆ ಏರಿದವರು. ಲೆಕ್ಕ ಬರೆಯುವ ಕೆಲಸದಲ್ಲಿ ತೋರಿಸಿದ ಜಾಣ್ಮೆಯೇ ಅವರನ್ನು ಮೇಲಕ್ಕೆ ಒಯ್ದಿತೆಂದು ಪುರಾಣಗಳೂ ಒಪ್ಪುತ್ತವೆ. ಉರಿಲಿಂಗಪೆದ್ದಿಯ ಕಥೆಯಂತೂ ಇನ್ನೂ ಬೆರಗಿನದು. ಕಳ್ಳತನಕ್ಕೆಂದು ಹೊಕ್ಕ ಮನೆಯಲ್ಲಿ ಗುರುವಿನ ದೀಕ್ಷಾವಿಧಿಯನ್ನು ಕಂಡು ಮನಸ್ಸು ತಿರುಗಿ, ಆ ಗುರುವಿನ ಮನೆಗೆ ಸೌದೆ ಹೊತ್ತು, ಸೌದೆ ಹೊರುತ್ತಲೇ ಕಲಿತು, ಕಡೆಗೆ ಆ ಮಠದ ಪೀಠಕ್ಕೇ ಅಧಿಪತಿಯಾದನೆಂದು ಪ್ರತೀತಿ. ಆತನ ವಚನಗಳಲ್ಲಿ ಕಾಣುವ ಸಂಸ್ಕೃತ ಗ್ರಂಥಗಳ ಪರಿಚಯವನ್ನು ನೋಡಿದರೆ, ಪ್ರಾಯ ಕಳೆದ ಮೇಲೆ ವಿದ್ಯೆ ಹತ್ತುವುದಿಲ್ಲವೆಂಬ ಮಾತನ್ನು ಆಡಲು ಯಾರಿಗೂ ಬಾಯಿ ಬಾರದು. ಇನ್ನೊಂದು ಕಡೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಮುಂತಾದವರು ತಮ್ಮ ತಮ್ಮ ಕಸುಬಿನಲ್ಲಿಯೇ ನಿಂತು ದೊಡ್ಡವರಾದರು. ನಿಂತವರೂ ಶರಣರೇ, ಬದಲಿಸಿದವರೂ ಶರಣರೇ. ಹಾಗಾದರೆ ಕಾಯಕದ ನಿಷ್ಠೆಯು ಒಂದೇ ಕಸುಬಿಗೆ ಜೀವಮಾನವಿಡೀ ಅಂಟಿಕೊಂಡಿರುವುದರಲ್ಲಿ ಇಲ್ಲ. ಕೈಯಲ್ಲಿರುವ ಕೆಲಸವನ್ನು, ಅದು ಕೈಯಲ್ಲಿರುವಷ್ಟು ಕಾಲ, ವಂಚನೆಯಿಲ್ಲದೆ ಮಾಡುವುದರಲ್ಲಿದೆ.

ಈ ಭೇದವನ್ನು ಮರೆತದ್ದರಿಂದ ಆದ ಅನ್ಯಾಯವು ಸಣ್ಣದಲ್ಲ. ಕಾಯಕದ ಉಪದೇಶವನ್ನು ಯಾರು ಯಾರಿಗೆ ಮಾಡುತ್ತಾರೆಂಬುದನ್ನು ಗಮನಿಸಿದರೆ ಸಾಕು. ಧಣಿಯು ಆಳಿಗೆ ಮಾಡುತ್ತಾನೆ; ಮೇಲಧಿಕಾರಿಯು ಜವಾನನಿಗೆ ಮಾಡುತ್ತಾನೆ. ಅದೇ ಧಣಿಯು ತನ್ನ ಮಗನನ್ನು ಸಂಜೆಯ ಪಾಠಕ್ಕೆ ಕಳುಹಿಸುವಾಗ ತೃಪ್ತಿಯ ಮಾತನ್ನಾಡುವುದಿಲ್ಲ. ಮುಂದೆ ಬಾ, ಹಿಂದೆ ಬೀಳಬೇಡ ಎನ್ನುತ್ತಾನೆ. ಸಂತೋಷವೆಂಬ ಗುಣವನ್ನು ಬಡವರ ಪಾಲಿಗೂ ಉತ್ಕರ್ಷವೆಂಬ ಗುಣವನ್ನು ಮನೆಮಕ್ಕಳ ಪಾಲಿಗೂ ಹಂಚಿಕೊಟ್ಟ ಮೇಲೆ ಅದು ನೀತಿಶಾಸ್ತ್ರವಾಗಿ ಉಳಿಯುವುದಿಲ್ಲ. ಆಳು ಕೈತಪ್ಪದಂತೆ ಕಾಯುವ ಉಪಾಯವಾಗುತ್ತದೆ. ಹುಟ್ಟಿನಿಂದ ಕಸುಬನ್ನು ಗೊತ್ತುಮಾಡುವ ಕಟ್ಟಳೆಯನ್ನು ಅಲುಗಾಡಿಸಿದ ಮಹಾಪುರುಷರ ಮಾತೇ ಅದೇ ಕಟ್ಟಳೆಗೆ ಆಸರೆಯ ಗೋಡೆಯಾದುದು ಕಲ್ಯಾಣದ ವಿಪರ್ಯಾಸಗಳಲ್ಲಿ ಒಂದು.

ಇದನ್ನೊಪ್ಪಿಕೊಂಡ ಮೇಲೂ ಆಯ್ದಕ್ಕಿ ಲಕ್ಕಮ್ಮನು ಉಳಿದೇ ಉಳಿಯುತ್ತಾಳೆ. ಅವಳನ್ನು ದಾಟಿ ಹೋಗುವುದು ಸುಲಭವಲ್ಲ. ಅವಳೂ ಅವಳ ಗಂಡ ಮಾರಯ್ಯನೂ ರಾಯಚೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಇಂದಿಗೆ ಬೇಕಾದುದನ್ನು ಮೀರಿದ್ದು ತಮಗೆ ಸಲ್ಲದೆಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಅವನನ್ನು ಹಿಂದಿರುಗಿಸಿದಳು. ಮೋಳಿಗೆಯ ಮಾರಯ್ಯನ ಮನೆಯಲ್ಲಿ ಬಸವಣ್ಣನವರು ಗುಟ್ಟಾಗಿ ಇಟ್ಟುಹೋದ ಹೊನ್ನನ್ನು ಆ ದಂಪತಿಗಳು ಮುಟ್ಟದೆ ದಾನ ಮಾಡಿದರೆಂಬ ಕಥೆಯೂ ಇದೇ ಧಾಟಿಯದು.

ಈ ಕಥೆಗಳನ್ನು ಇಂದಿನ ಗೃಹಸ್ಥನ ಮೇಲೆ ನೇರವಾಗಿ ಹೊರಿಸಿದರೆ ಕ್ರೌರ್ಯವಾಗುತ್ತದೆ. ಮಗಳ ಶಾಲೆಯ ಶುಲ್ಕಕ್ಕೂ ತಾಯಿಯ ಔಷಧಕ್ಕೂ ನಾಲ್ಕು ಕಾಸು ಹೆಚ್ಚು ಬರಲೆಂದು ರಾತ್ರಿ ಓದುವ ಬಸ್ಸಿನ ನಿರ್ವಾಹಕನು ಹೆಚ್ಚಿನ ಅಕ್ಕಿ ತಂದ ಮಾರಯ್ಯನಲ್ಲ. ಅವನಿಗೆ ಇಂದಿನ ಅಕ್ಕಿಯೇ ಸಾಲದು. ಲಕ್ಕಮ್ಮನು ಬಡತನವನ್ನು ಹೊಗಳಿದವಳಲ್ಲ. ಅವಳು ಕೇಳಿದ್ದು ಒಂದೇ: ಈ ಹೆಚ್ಚಿನದು ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬಂತು? ಆ ಪ್ರಶ್ನೆಯು ಇಂದಿಗೂ ಹರಿತವಾಗಿದೆ. ಕಲಿಯದೆ ಕೊಂಡುಕೊಂಡ ಪ್ರಮಾಣಪತ್ರ, ತಿಳಿಯದ ವಿದ್ಯೆಯ ಹೆಸರಿನಲ್ಲಿ ಪಡೆದ ಬಡ್ತಿ, ಜೊತೆಯವನ ದುಡಿಮೆಯನ್ನು ತನ್ನದೆಂದು ತೋರಿಸಿ ಏರಿದ ಹುದ್ದೆ ಇವೇ ಅಂಗಳದಲ್ಲಿ ಹಿಂದಿರುಗಿಸಬೇಕಾದ ಅಕ್ಕಿ. ಸಂಬಳ ಹೆಚ್ಚಿತು, ಕೆಲಸ ಬಲ್ಲವನು ಹೆಚ್ಚಲಿಲ್ಲವೆಂದಾದರೆ ಆ ಮುನ್ನಡೆಯಲ್ಲಿ ಎಲ್ಲಿಯೋ ಒಂದು ಸುಳ್ಳಿದೆ.

ವೃತ್ತಿಯನ್ನು ಬಿಡುವವರ ಮನಸ್ಸಿನಲ್ಲಿ ಬಗೆಬಗೆಯ ಕಾರಣಗಳಿರುತ್ತವೆ. ಹಸಿವು ಒಂದು, ಹೊಟ್ಟೆಕಿಚ್ಚು ಮತ್ತೊಂದು. ಇವೆರಡರ ನಡುವೆ ಸ್ವಾಭಿಮಾನವೆಂಬುದೂ ಉಂಟು. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರಕಾರದ ಇಂಜಿನಿಯರರಾಗಿ ಸೇರಿದರು. ಅಲ್ಲಿಯ ಅತ್ಯುನ್ನತ ಸ್ಥಾನವು ಅಂದು ಭಾರತೀಯನಿಗೆ ದೊರೆಯುವಂತಿರಲಿಲ್ಲ. 1908ರಲ್ಲಿ ಅವರು ಆ ಸೇವೆಯನ್ನು ಬಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರ ಹೈದರಾಬಾದನ್ನು ಹಾಳುಗೆಡವಿತು. ನಿಜಾಮ ಸರಕಾರವು ಅವರನ್ನು ಕರೆಸಿಕೊಂಡು ನಗರರಕ್ಷಣೆಯ ಯೋಜನೆಯನ್ನು ಬರೆಸಿತು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು, 1912ರಲ್ಲಿ ದಿವಾನರಾದರು. ಬಾಗಿಲು ಮುಚ್ಚಿದ ಮನೆಯ ಮುಂದೆ ಕುಳಿತಿರುವುದು ನಿಷ್ಠೆಯಲ್ಲವೆಂಬುದಕ್ಕೆ ಇದಕ್ಕಿಂತ ಮೇಲಾದ ದೃಷ್ಟಾಂತ ಬೇಡ. ಅವರಷ್ಟು ಯೋಗ್ಯತೆ ಎಲ್ಲರಿಗೆಲ್ಲಿ ಎಂಬ ಆಕ್ಷೇಪವುಂಟು. ಯೋಗ್ಯತೆಯ ಮಾತು ಇರಲಿ. ಅವರಿಗೆ ಸಿಕ್ಕಷ್ಟು ಬಿಡುವು ಎಲ್ಲರಿಗೆಲ್ಲಿ ಎಂಬುದೇ ಹೆಚ್ಚು ತಕ್ಕ ಪ್ರಶ್ನೆ.

ನಡುವಯಸ್ಸಿನಲ್ಲಿ ಮತ್ತೆ ಕಲಿಯುವ ಪ್ರಸಂಗವು ಬೀದರ ಸೀಮೆಯ ಒಂದು ಇಡೀ ತಲೆಮಾರಿಗೆ ಒದಗಿತ್ತು. ಹೈದರಾಬಾದ ಸಂಸ್ಥಾನದಲ್ಲಿ 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಕಚೇರಿಯ ಬರಹ ಉರ್ದು, ಶಾಲೆಯ ಪಾಠ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಮನೆಮನೆಯ ಮಾತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. 1963ರಲ್ಲಿ ಕನ್ನಡವನ್ನು ರಾಜ್ಯದ ಆಡಳಿತಭಾಷೆಯಾಗಿಸುವ ಕಾಯಿದೆಯಾಯಿತು. ಮನೆಯಲ್ಲಿ ಕನ್ನಡವಾಡುತ್ತ ಕಚೇರಿಯಲ್ಲಿ ಉರ್ದುವನ್ನು ಬರೆದು ಪಳಗಿದ ಗುಮಾಸ್ತನೂ ಮಾಸ್ತರನೂ ಕನ್ನಡದ ಕಡತಕ್ಕೆ ಕೈ ಹೊಂದಿಸಿಕೊಳ್ಳಬೇಕಾಯಿತು. ಮಗನು ಒಂದನೆಯ ಇಯತ್ತೆಯ ಪುಸ್ತಕವನ್ನು ಓದುವ ವಯಸ್ಸಿನಲ್ಲಿ ತಂದೆಯೂ ಅದೇ ಕಾಗುಣಿತವನ್ನು ತಿದ್ದುವುದೆಂದರೆ ಮಾನವಂತನಿಗೆ ಸುಲಭವಲ್ಲ. ಉರ್ದುವೇ ಮನೆಮಾತಾಗಿದ್ದವನಿಗಂತೂ ಇನ್ನೂ ಕಠಿಣ. ನಿನ್ನೆಯವರೆಗೆ ಅವನ ಹೆಮ್ಮೆಯಾಗಿದ್ದ ವಿದ್ಯೆಯೇ ಕಚೇರಿಯಲ್ಲಿ ಬೆಲೆ ಕಳೆದುಕೊಂಡಿತು. ಕನ್ನಡದ ಅಭಿಮಾನಿಗಳು ಈ ಎರಡನೆಯವನ ಸಂಕಟವನ್ನು ನೆನೆಯುವುದು ಕಡಿಮೆ. ನೆನೆಯಬೇಕು, ಏಕೆಂದರೆ ರಾಜ್ಯದ ನ್ಯಾಯವಾದ ನಿರ್ಣಯವೊಂದು ವ್ಯಕ್ತಿಯ ಬೆನ್ನ ಮೇಲೆ ಎಷ್ಟು ಭಾರವಾಗಿ ಬೀಳಬಹುದೆಂಬುದು ಅವನಲ್ಲಿ ಕಾಣುತ್ತದೆ. ಸಾಮಾನ್ಯರಾದ ಗುಮಾಸ್ತರೂ ಮಾಸ್ತರರೂ ಸಂಸಾರದ ನಡುವೆಯೇ ಅದನ್ನು ಕಲಿತರು. ಸಂಬಳವು ನಿಲ್ಲದೆ ಬರುತ್ತಿದ್ದುದು ಅವರಿಗೆ ದೊಡ್ಡ ಆಧಾರವಾಗಿದ್ದಿರಬೇಕು.

ಆ ಆಧಾರವಿಲ್ಲದವನ ಗತಿಯೇನು? ಇಂದು ಕಲಿಯುವ ದಾರಿಗಳು ಹಿಂದಿಗಿಂತ ಬಹಳ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು; 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಹುಟ್ಟಿ, ಕೆಲಸ ಬಿಡದೆ ಪದವಿ ಪಡೆಯುವ ಮಾರ್ಗವನ್ನು ತೋರಿಸಿತು. ಸಂವಿಧಾನದ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಸರಕಾರಿ ಹುದ್ದೆಗಳಲ್ಲಿಯೂ ಪಾಲನ್ನು ಕೊಡಿಸಿತು. ಇವೆಲ್ಲ ಒಳ್ಳೆಯವೇ. ಆದರೆ ಇವು ಬಾಗಿಲನ್ನು ತೆರೆಯುತ್ತವೆ, ಹೊತ್ತನ್ನು ಕೊಡುವುದಿಲ್ಲ. ಸೂರ್ಯ ಹುಟ್ಟುವ ಮೊದಲೇ ಕಬ್ಬು ಕಡಿಯಲು ಹೋಗಿ ಕತ್ತಲಾದ ಮೇಲೆ ಮನೆಗೆ ಬರುವವನಿಗೆ 'ನೀನೇಕೆ ಹೊಸದನ್ನು ಕಲಿಯಲಿಲ್ಲ?' ಎಂದು ಕೇಳುವುದು ಗಾಯದ ಮೇಲೆ ಉಪ್ಪು ಸವರಿದಂತೆ.

ಈ ಸತ್ಯವನ್ನು ಇಂಗ್ಲೆಂಡಿನವರು ಕಷ್ಟಪಟ್ಟು ಕಂಡುಕೊಂಡರು. 1823ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯನು ಮುಂದೆ ನಿಂತು ಕೈಕಸುಬಿನವರಿಗಾಗಿ ಒಂದು ವಿದ್ಯಾಸಂಸ್ಥೆಯನ್ನು ತೆರೆದನು. ಪಾಠಗಳು ಸಂಜೆಗೆ. ಇಂದಿಗೂ ಅದು ಆತನ ಹೆಸರಿನಲ್ಲಿ ಲಂಡನ್ ವಿಶ್ವವಿದ್ಯಾಲಯದ ಅಂಗವಾಗಿ ನಡೆಯುತ್ತಿದೆ. ಕೂಲಿಯವರು ಓದು ಕಲಿತರೆ ಕೆಲಸ ಕೆಡುತ್ತದೆಂದು ಕೂಗಿದವರು ಆಗಲೂ ಇದ್ದರು. ಆದರೆ ಗಿರಣಿಯಲ್ಲಿ ಹನ್ನೆರಡು ತಾಸು ನಿಂತವರಿಗೆ ಸಂಜೆ ಎಂಬುದೇ ಇರಲಿಲ್ಲ. 1847ರ ಶಾಸನವು ನೇಯ್ಗೆಯ ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ದುಡಿಮೆಯನ್ನು ದಿನಕ್ಕೆ ಹತ್ತು ತಾಸುಗಳಿಗೆ ಇಳಿಸಿದ ಮೇಲೆ ಸಂಜೆಯೊಂದು ಅವರ ಪಾಲಿಗೆ ಬಂದಿತು. ಶಾಲೆಯನ್ನು ಕಟ್ಟುವುದು ಅರ್ಧ ಕೆಲಸ; ಶಾಲೆಗೆ ಬರುವ ಹೊತ್ತನ್ನು ದೊರಕಿಸಿಕೊಡುವುದು ಉಳಿದರ್ಧ. ಭಾರತದಲ್ಲಿ 1948ರ ಕಾರ್ಖಾನೆ ಕಾಯಿದೆಯು ವಾರಕ್ಕೆ 48 ತಾಸುಗಳ ಮಿತಿಯನ್ನು ಹಾಕಿತು. ಹೆದ್ದಾರಿಯ ಬದಿಯ ಖಾನಾವಳಿಯಲ್ಲಿ ತಟ್ಟೆ ತೊಳೆಯುವವನಿಗೂ ಹೊಲದಲ್ಲಿ ಕಳೆ ತೆಗೆಯುವವಳಿಗೂ ಅಂತಹ ಮಿತಿಯು ಕಾಗದದ ಮೇಲೆಯೂ ದೂರವೇ ಉಳಿಯಿತು.

ಕಳೆ ತೆಗೆಯುವವಳ ಮಾತು ಬಂದುದರಿಂದ ಮನೆಯೊಳಗಿನ ಲೆಕ್ಕವನ್ನೂ ನೋಡಬೇಕು. ಗಂಡನು ಹೊಸ ಪರೀಕ್ಷೆಗೆ ಕುಳಿತನೆಂದರೆ ಆ ಪರೀಕ್ಷೆಯ ಶುಲ್ಕವನ್ನು ಅವನು ಕಟ್ಟುತ್ತಾನೆ; ಬೆಲೆಯನ್ನು ಕಟ್ಟುವವಳು ಹೆಂಡತಿ. ಮಕ್ಕಳ ಗಲಾಟೆಯನ್ನು ಅಡಗಿಸುವವಳು ಅವಳು, ಅತ್ತೆಯ ಸೇವೆಯನ್ನು ಒಬ್ಬಳೇ ನೋಡಿಕೊಳ್ಳುವವಳು ಅವಳು, ಇದ್ದ ಬಂಗಾರವನ್ನು ಅಡವಿಡಲು ತೆಗೆದುಕೊಡುವವಳೂ ಅವಳೇ. ಗಂಡನಿಗೆ ಹುದ್ದೆ ಸಿಕ್ಕರೆ ಊರಿನವರು ಅವನನ್ನು ಸನ್ಮಾನಿಸುತ್ತಾರೆ. ಅವಳಿಗೂ ಕಲಿಯುವ ಆಸೆಯಿತ್ತೇ ಎಂದು ಕೇಳಿದವರಿಲ್ಲ. ಕಲ್ಯಾಣದಲ್ಲಿ ಕದಿರೆಯ ರೆಮ್ಮವ್ವೆಯು ನೂಲು ತೆಗೆದು ತನ್ನ ಕಾಯಕವನ್ನು ತನ್ನದೆಂದೇ ನಡೆಸಿದಳು. ಆಯ್ದಕ್ಕಿ ಲಕ್ಕಮ್ಮನಂತೂ ಗಂಡನ ಕಾಯಕಕ್ಕೇ ತಿದ್ದುವ ಗುರುವಾದಳು. ಎಂಟುನೂರು ವರ್ಷಗಳ ಮೇಲೆ ಸುಶಿಕ್ಷಿತ ಮನೆಗಳಲ್ಲಿಯೂ ಹೆಂಡತಿಯ ವೃತ್ತಿಯನ್ನು ಗಂಡನ ವರ್ಗಾವಣೆಯ ಬಾಲವೆಂದು ಭಾವಿಸುವುದು ನಿಂತಿಲ್ಲ. ಇಬ್ಬರೂ ಕೂಡಿ ಒಪ್ಪದ ಉದ್ಯೋಗಾಂತರವು ಎಷ್ಟೇ ಲಾಭ ತಂದರೂ, ಒಬ್ಬರ ಏಳಿಗೆಗೆ ಇನ್ನೊಬ್ಬರನ್ನು ಏಣಿ ಮಾಡಿಕೊಂಡಂತೆಯೇ ಸರಿ.

ಇನ್ನು ಬಿಟ್ಟುಹೋದ ಕೆಲಸದ ಋಣ. ಇದರ ವಿಚಾರದಲ್ಲಿ ಬೀದರಿನ ಬಿದರಿ ಕಲೆಗಿಂತ ಹತ್ತಿರದ ಉದಾಹರಣೆ ಸಿಗಲಾರದು. ಸತುವಿನೊಡನೆ ತುಸು ತಾಮ್ರವನ್ನು ಕೂಡಿಸಿ ಎರಕ ಹೊಯ್ದು, ಚಾಣದಿಂದ ಚಿತ್ತಾರವನ್ನು ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಕಡೆಗೆ ನವಸಾಗರ ಬೆರೆಸಿದ ಕೋಟೆಯ ಮಣ್ಣಿನಿಂದ ಕಪ್ಪೇರಿಸುತ್ತಾರೆ. ಲೋಹವು ಕರ್ರಗಾಗುತ್ತದೆ, ಬೆಳ್ಳಿಯು ಬೆಳ್ಳಗೆ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಲಿಕ ಸೂಚಕದ ಮನ್ನಣೆ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಪ್ರಶಸ್ತಿಯೊಂದು ಒಬ್ಬರಿಗೆ ಬರುತ್ತದೆ; ಕಸುಬಿನಲ್ಲಿ ಕಣ್ಣು ಸವೆಸಿದವರು ಹಲವರು. ಅವರಲ್ಲೊಬ್ಬನು ನಡುವಯಸ್ಸಿನಲ್ಲಿ ಚಾಣವನ್ನು ಕೆಳಗಿಟ್ಟು ಹೈದರಾಬಾದಿಗೆ ವಾಹನ ನಡೆಸಲು ಹೋದರೆ ಅವನು ತಪ್ಪು ಮಾಡಿದನೇ? ಕಲೆಯು ಅಳಿಯುತ್ತದೆ, ಉಳಿಸಿಕೊಳ್ಳಬೇಕಾಗಿತ್ತು ಎಂದು ಮರುಗುವವರು ಬಹಳ. ಅವರಲ್ಲಿ ಹೂದಾನಿಯ ಬೆಲೆಯನ್ನು ಚೌಕಾಸಿ ಮಾಡಿ ಅರ್ಧಕ್ಕಿಳಿಸಿದವರೇ ಹೆಚ್ಚು. ಒಂದು ಕಲೆಯನ್ನು ಉಳಿಸುವ ಹೊರೆಯನ್ನು ಅದರಿಂದ ಹೊಟ್ಟೆ ತುಂಬದವನ ಹೆಗಲಿಗೇ ಕಟ್ಟುವ ಅಧಿಕಾರವು ಯಾರಿಗೂ ಇಲ್ಲ.

ಆದರೂ ಅವನ ಬೆರಳುಗಳಲ್ಲಿರುವುದು ಅವನೊಬ್ಬನೇ ಗಳಿಸಿದ್ದಲ್ಲ. ಉಸ್ತಾದನು ಬೈದು ತಿದ್ದಿದ್ದು, ಕೈ ಪಳಗುವತನಕ ಮನೆಯವರು ಕಾದದ್ದು, ಕೋಟೆಯ ಯಾವ ಮೂಲೆಯ ಮಣ್ಣು ಒಳ್ಳೆಯದೆಂದು ನಾಲಗೆಯ ತುದಿಯಿಂದ ನೋಡಿ ತಿಳಿಯುವ ಜಾಣ್ಮೆ, ಎಲ್ಲವೂ ಹಿಂದಿನವರಿಂದ ಬಂದುದು. ಹೋಗುವವನು ಅದನ್ನು ಇನ್ನೊಬ್ಬರ ಕೈಗೆ ದಾಟಿಸಿ ಹೋಗಬೇಕೆಂದು ಕೇಳುವುದು ನ್ಯಾಯ. ತನ್ನ ಮಗನೇ ಆಗಬೇಕೆಂದಿಲ್ಲ. ಮಗನಿಗೆ ಬೇರೆ ಆಸೆಗಳಿರಬಹುದು, ಇರಲಿ. ಪಕ್ಕದ ಓಣಿಯ ಹುಡುಗಿಯೂ ಆಗಬಹುದು. ಕಲಿಸಲು ಉಸ್ತಾದನು ಒಪ್ಪುತ್ತಾನೆ, ಕಲಿಯಲು ಅವಳೂ ಒಪ್ಪುತ್ತಾಳೆ. ಆದರೆ ಗೆರೆಯು ನೇರವಾಗಿ ಬರುವ ಮುನ್ನ ಎರಡು ಮೂರು ವರ್ಷಗಳು ಬೇಕು. ಆ ವರ್ಷಗಳ ದಿನಗೂಲಿಯನ್ನು ಅವಳ ಮನೆಗೆ ಯಾರು ತಲುಪಿಸಬೇಕು ಎಂಬಲ್ಲಿಗೆ ಮಾತು ನಿಲ್ಲುತ್ತದೆ.